ಕೈ ಬೀಸುವ ಕಂಟ್ರೋಲರ್ ಬಂತು, ಬಟನ್ ಯಾಕೆ ಹೋಗಲಿಲ್ಲ?

ಪ್ರಶ್ನೆ: ದುಬೈಯಲ್ಲಿರುವ ನನ್ನ ತಮ್ಮ ಊರಿಗೆ ಬರುವಾಗ ನನ್ನ ಮಗನಿಗೆ ಗೇಮ್ ಕನ್ಸೋಲ್ ತರುತ್ತಾನಂತೆ. ಮಗನಿಗೆ 13 ವರ್ಷ. ಕೈ ಬೀಸಿ ಆಡುವಂಥದ್ದು ತಂದರೆ ಮೈಗೆ ಸ್ವಲ್ಪ ವ್ಯಾಯಾಮವಾದರೂ ಆದೀತು ಅಂತ ನನ್ನ ಆಸೆ. ಹಿಂದೊಮ್ಮೆ, ಇನ್ನು ಬಟನ್ ಇರುವ ಕಂಟ್ರೋಲರ್ ಮೂಲೆ ಸೇರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಹಾಗೆ ಆಗಲಿಲ್ಲ ಅಲ್ವಾ? ಯಾಕೆ? ಮುಂದೆ ಆಗುತ್ತಾ? ಈಗ ಯಾವುದು ತರಿಸಲಿ? (ಓದುಗರೊಬ್ಬರು, ಕಾಪು)

ಉತ್ತರ: ಕೈ ಬೀಸುವ ಕಂಟ್ರೋಲರ್ ಕನ್ಸೋಲನ್ನು ಬದಲಿಸಿತು. ಆದರೆ ಅವತ್ತು ಹೇಳಿದ ಹಾಗೆ ಅಲ್ಲ. ಅದು ಬಟನ್ನನ್ನು ಓಡಿಸಲಿಲ್ಲ, ಬಟನ್ ಇರುವ ಕಂಟ್ರೋಲರ್ ಒಳಗೇ ಹೋಗಿ ಕೂತಿತು. ಇವತ್ತು ನಿಮ್ಮ ತಮ್ಮ ಸೋನಿಯ ಪ್ಲೇಸ್ಟೇಷನ್ 5 ತಂದರೂ ಸರಿ, ನಿಂಟೆಂಡೊ ಸ್ವಿಚ್ ತಂದರೂ ಸರಿ, ಕೈಯ ಚಲನೆ ಅಳೆಯುವ ಚಿಪ್ ಅದರಲ್ಲಿ ಇದ್ದೇ ಇರುತ್ತದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಮಾತ್ರ ಇಲ್ಲ.

ಇನ್ನೊಂದು ವಿಷಯ. ಮಗ ಫೋನಿನಲ್ಲಿ ಬಿಜಿಎಮ್‌ಐ ಎಂಬ ಗುಂಡು ಹಾರಿಸುವ ಗೇಮ್ ಆಡುತ್ತಾನಾದರೆ ಸುಮ್ನೆ ಒಮ್ಮೆ ಕೇಳಿ ನೋಡಿ, 'ಗೈರೋ ಆನ್ ಉಂಟಾ?' ಅಂತ. ಗೈರೋ ಅಂದರೆ ಫೋನ್ ತಿರುಗಿದ್ದನ್ನು ಅಳೆಯುವ ಚಿಪ್. ಮಂಗಳೂರಿನ ಕಾಲೇಜು ಹುಡುಗರಲ್ಲಿ ಚೆನ್ನಾಗಿ ಆಡುವವರು ಗೈರೋ ಆಫ್ ಮಾಡಿ ಆಡುವುದು ನಾನು ನೋಡಿದ್ದು ಕಡಿಮೆ. ಸ್ಕೋಪ್ ತೆರೆದು, ಫೋನನ್ನೇ ಒಂದು ಚೂರು ವಾಲಿಸಿ ಗುರಿ ಸರಿ ಮಾಡಿಕೊಳ್ಳುತ್ತಾರೆ. ಅದೂ ಮೋಷನ್ ಕಂಟ್ರೋಲೇ, ಅಂದರೆ ಕೈಯ ಚಲನೆಯಿಂದಲೇ ಆಡುವುದು. ಆಡುವವರಿಗೆ ಮಾತ್ರ ಅದೊಂದು ವಿಶೇಷ ಅಂತ ಅನಿಸುವುದೇ ಇಲ್ಲ. ನಿಮ್ಮ 'ಯಾಕೆ' ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಉಂಟು. ಉಳಿದ ಅರ್ಧಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಪ್ರಯತ್ನ ಹಳೆಯದು. 1989ರಲ್ಲೇ ಕೈಗೆ ಹಾಕುವ ಪವರ್ ಗ್ಲೋವ್ ಬಂದಿತ್ತು. ನೋಡಲು ಚಂದ, ಆಡಲು ಕಷ್ಟ. 2003ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಐಟಾಯ್ ಎಂಬ ಕ್ಯಾಮೆರಾ ಬಂತು. ಆದರೆ ಜನರ ಬಾಯಲ್ಲಿ ಮಾತಾದದ್ದು 2006ರ ನವೆಂಬರ್‌ನಲ್ಲಿ ಬಂದ ನಿಂಟೆಂಡೊ ವೀ. ಅದರ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್ ಒಟ್ಟು 2.17 ಕೋಟಿಯಷ್ಟೇ ಮಾರಾಟವಾಗಿತ್ತು. ಶಕ್ತಿಯಲ್ಲಿ ಸೋನಿ, ಮೈಕ್ರೋಸಾಫ್ಟ್ ಜೊತೆ ಪೈಪೋಟಿಗೆ ಹೋಗುವುದೇ ಬೇಡ ಅಂತ ನಿಂಟೆಂಡೊ ತೀರ್ಮಾನಿಸಿತು. ವೀ ಒಳಗಿನ ಯಂತ್ರ ಗೇಮ್‌ಕ್ಯೂಬ್‌ಗಿಂತ ಸ್ವಲ್ಪವೇ ಜೋರು, ಎಚ್‌ಡಿ ಚಿತ್ರವೂ ಇಲ್ಲ. ಹೊಸದು ಅಂತ ಇದ್ದದ್ದು ಟಿವಿ ರಿಮೋಟ್‌ನಂಥ ಆ ಕಂಟ್ರೋಲರ್ ಒಂದೇ. ಕೊನೆಗೆ ವೀ 10.16 ಕೋಟಿ ಮಾರಾಟವಾಯಿತು. ಪ್ಲೇಸ್ಟೇಷನ್ 3ಕ್ಕಿಂತಲೂ ಜಾಸ್ತಿ. ಜಪಾನ್ ಬಿಟ್ಟು ಹೆಚ್ಚಿನ ಕಡೆ ಪೆಟ್ಟಿಗೆಯ ಜೊತೆಯಲ್ಲೇ ಕೊಟ್ಟ ವೀ ಸ್ಪೋರ್ಟ್ಸ್ ಎಂಬ ಗೇಮ್ 8 ಕೋಟಿಗೂ ಹೆಚ್ಚು ಮನೆಗಳಿಗೆ ಹೋಯಿತು. ಅಜ್ಜ ಅಜ್ಜಿಯರು ಬೌಲಿಂಗ್ ಆಡಿದರು. ಹಾಗಾಗಿ ಬಟನ್ ಕಾಲ ಮುಗಿಯಿತು ಅಂತ ಜನ ಹೇಳಿದ್ದು ಸುಮ್ಮನೆ ಅಲ್ಲ.

ಆದರೆ ವೀಯ ನಂತರ 2012ರಲ್ಲಿ ಬಂದ ಕನ್ಸೋಲ್ ವೀ ಯು ನೋಡಿ. ಅದು ಮಾರಾಟವಾದದ್ದು 1.36 ಕೋಟಿ. ಬರೇ ಬೌಲಿಂಗ್ ಆಡಲು ವೀ ಕೊಂಡ ಜನ ಮತ್ತೊಂದು ಕನ್ಸೋಲ್ ಕೊಳ್ಳಲು ಬರಲೇ ಇಲ್ಲ. ಹೆಸರಿನ ಗೊಂದಲ, ಗೇಮ್‌ಗಳ ಕೊರತೆ ಹೀಗೆ ಬೇರೆ ಕಾರಣಗಳೂ ಇದ್ದವು. ಆದರೂ ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಇದೇ.

ಯಾಕೆ ಅವರು ಬರಲಿಲ್ಲ? ಅದು ಗೊತ್ತಾಗಬೇಕಾದರೆ ಆ ರಿಮೋಟನ್ನು ಬಿಚ್ಚಿ ನೋಡಬೇಕು. ಕಂಟ್ರೋಲರ್ ರಿಪೇರಿಯೇ ನನ್ನ ಕೆಲಸವಾದ್ದರಿಂದ ಈ ಭಾಗ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಬೇಡಿ.

ಬೋರ್ಡಿನ ಮೇಲೆ ಕಿರುಬೆರಳ ಉಗುರಿಗಿಂತ ಚಿಕ್ಕದಾದ ಒಂದು ಕಪ್ಪು ಚಿಪ್ ಇರುತ್ತದೆ. ಅದು ಅಕ್ಸೆಲೆರೋಮೀಟರ್. ಒಳಗೆ ಸಿಲಿಕಾನ್‌ನ ಒಂದು ಸೂಕ್ಷ್ಮ ತುಂಡು, ಅದಕ್ಕೆ ಸಿಲಿಕಾನ್‌ದೇ ಸ್ಪ್ರಿಂಗ್. ಕೈ ಜೋರಾಗಿ ಬೀಸಿದರೆ ಆ ತುಂಡು ಸ್ವಲ್ಪ ಹಿಂದೆ ಉಳಿಯುತ್ತದೆ. ಎಷ್ಟು ಹಿಂದೆ ಉಳಿಯಿತು ಎಂಬುದನ್ನು ವಿದ್ಯುತ್ತಿನಿಂದ ಅಳೆಯುತ್ತಾರೆ. ಕಾರಿನ ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅಂತ ತಿಳಿಯಲು ಇಂಥದೇ ಚಿಪ್‌ಗಳನ್ನು 1990ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದರು. ಅದರಿಂದ ಬೆಲೆ ಇಳಿಯಿತು. ಬೆಲೆ ಇಳಿದದ್ದರಿಂದಲೇ ಅದು ಆಟಿಕೆಗೂ ಬಂತು.

ಈ ಚಿಪ್‌ಗೆ ವೇಗ ಬದಲಾದದ್ದು ಗೊತ್ತಾಗುತ್ತದೆ. ಭೂಮಿ ಎಳೆಯುವ ದಿಕ್ಕು ಗೊತ್ತಾಗುತ್ತದೆ. ನಿಮ್ಮ ಕೈ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಶಿರಾಡಿ ಘಾಟಿಯಲ್ಲಿ ಬಸ್ಸಿನ ಒಳಗೆ ಕಣ್ಣು ಮುಚ್ಚಿ ಕೂತರೆ ತಿರುವು, ಬ್ರೇಕು, ಏರು ಎಲ್ಲ ಹೊಟ್ಟೆಗೆ ಗೊತ್ತಾಗುತ್ತದೆ. ಆದರೆ ಈಗ ಬಸ್ಸು ಗುಂಡ್ಯದಲ್ಲಿ ಉಂಟಾ, ಸಕಲೇಶಪುರ ಬಂತಾ ಅಂತ ಹೇಳಲು ಬರುವುದಿಲ್ಲ. ವೇಗದ ಬದಲಾವಣೆಯಿಂದ ಜಾಗ ಲೆಕ್ಕ ಹಾಕಬಹುದು, ನಿಜ. ಆದರೆ ಅಳತೆಯಲ್ಲಿ ಗುರುತ್ವದ ನೂರನೇ ಒಂದು ಭಾಗದಷ್ಟು ತಪ್ಪಿದ್ದರೂ ಹತ್ತು ಸೆಕೆಂಡಿನಲ್ಲಿ ಲೆಕ್ಕ ಸುಮಾರು 5 ಮೀಟರ್ ತಪ್ಪುತ್ತದೆ. ಅಂದರೆ ನಿಮ್ಮ ಕೈ ಪಕ್ಕದ ಮನೆಯಲ್ಲಿ ಇದೆ ಅಂತ ಕನ್ಸೋಲ್ ತಿಳಿದುಕೊಳ್ಳಬಹುದು.

ಅದಕ್ಕೇ ನಿಂಟೆಂಡೊ ಇನ್ನೊಂದು ಉಪಾಯ ಮಾಡಿತು. ಟಿವಿಯ ಕೆಳಗೆ ಇಡುವ ಉದ್ದನೆಯ ಪಟ್ಟಿಯನ್ನು 'ಸೆನ್ಸರ್ ಬಾರ್' ಅಂತ ಕರೆದರು. ನಿಜವಾಗಿ ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ಅಷ್ಟೇ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಅದು ಆ ಎರಡು ಚುಕ್ಕಿಗಳನ್ನು ನೋಡಿ ತಾನು ಎತ್ತ ಮುಖ ಮಾಡಿದ್ದೇನೆ ಅಂತ ತಿಳಿಯುತ್ತದೆ. ಬಾರ್ ಕೆಟ್ಟು ಹೋದ ಒಂದು ಮನೆಯಲ್ಲಿ ಎರಡು ಹಣತೆಗಳನ್ನು ಸುಮಾರು ಒಂದು ಗೇಣು ದೂರದಲ್ಲಿ ಹಚ್ಚಿಟ್ಟು ನಾನು ಆಡಿ ತೋರಿಸಿದ್ದುಂಟು. ಚೆನ್ನಾಗಿಯೇ ಕೆಲಸ ಮಾಡಿತು. ಜ್ವಾಲೆಯಲ್ಲೂ ಇನ್‌ಫ್ರಾರೆಡ್ ಇರುತ್ತದಲ್ಲ. ಉಲ್ಟಾ ತೊಂದರೆಯೂ ಉಂಟು. ಟಿವಿ ಪಕ್ಕದಲ್ಲೇ ದೇವರ ಗೂಡು ಇದ್ದು, ಸಂಜೆ ದೀಪ ಹಚ್ಚಿದ ಕೂಡಲೇ ಪರದೆಯ ಮೇಲಿನ ಕೈಗುರುತು ಕುಣಿಯತೊಡಗಿದರೆ ರಿಮೋಟ್ ಕೆಟ್ಟಿದೆ ಅಂತ ಅಂಗಡಿಗೆ ತರಬೇಡಿ. ಪಡುವಣ ಕಿಟಕಿಯ ಬಿಸಿಲು ಬಿದ್ದರೂ ಹೀಗೇ ಆಗಬಹುದು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಆ ಚಿಪ್ ಅಳೆಯುತ್ತಿದ್ದದ್ದು ಗುರುತ್ವದ ಸುಮಾರು ಮೂರು ಪಟ್ಟಿನವರೆಗೆ. ಶಟ್ಲ್ ಆಡುವವರು ಸ್ಮ್ಯಾಷ್ ಹೊಡೆಯುವ ಹಾಗೆ ಪೂರ್ತಿ ಕೈ ಬೀಸಿದರೆ ಆ ಮಿತಿ ಎಲ್ಲೋ ದಾಟಿ ಹೋಗುತ್ತದೆ. ಮಿತಿ ದಾಟಿದ ಮೇಲೆ ಚಿಪ್‌ಗೆ ಎಲ್ಲ ಹೊಡೆತವೂ ಒಂದೇ. ಮೊದಲ ವಾರ ಎಲ್ಲರೂ ಚಾವಡಿಯಲ್ಲಿ ನಿಂತು, ಬೆವರು ಸುರಿಸಿ, ಫ್ಯಾನಿಗೆ ಕೈ ತಾಗಿಸಿಕೊಂಡು ಟೆನಿಸ್ ಆಡುತ್ತಾರೆ. ಆಮೇಲೆ ಯಾರೋ ಒಬ್ಬ, ಸಾಮಾನ್ಯವಾಗಿ ಮನೆಯ ಕಿರಿಯವನು, ಸೋಫಾದಲ್ಲಿ ಕೂತು ಮಣಿಕಟ್ಟು ಮಾತ್ರ ಆಡಿಸಿದರೂ ಅದೇ ಹೊಡೆತ ಬೀಳುತ್ತದೆ ಅಂತ ಕಂಡುಹಿಡಿಯುತ್ತಾನೆ. ಅವತ್ತಿಗೆ ವ್ಯಾಯಾಮ ಮುಗಿಯಿತು. ಅಷ್ಟಕ್ಕೇ ಆಗುವುದಾದರೆ ಒಂದು ಬಟನ್ ಒತ್ತಿದರೆ ಸಾಕಲ್ವಾ? ಅದೂ ಬಟನ್ ಆದರೆ ತಪ್ಪುವುದಿಲ್ಲ, ಕೈ ನೋಯುವುದಿಲ್ಲ.

ವೀ ಕಾಲದ ಬಹಳಷ್ಟು ಗೇಮ್‌ಗಳು ಬಿದ್ದದ್ದು ಇದೇ ಹಳ್ಳಕ್ಕೆ. ಬಟನ್ ಒತ್ತುವ ಜಾಗದಲ್ಲಿ 'ಅಲ್ಲಾಡಿಸಿ' ಅಂತ ಬರೆದರು, ಅಷ್ಟೇ. 2010ರ ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್‌ನಲ್ಲಿ ಉರುಳಬೇಕಾದರೆ ರಿಮೋಟ್ ಅಲ್ಲಾಡಿಸಬೇಕಿತ್ತು. ಅದೇ ಗೇಮ್ 2013ರಲ್ಲಿ ಕೈಯಲ್ಲಿ ಹಿಡಿದು ಆಡುವ 3ಡಿಎಸ್‌ಗೆ ಬಂದಾಗ ಆ ಕೆಲಸ ಬಟನ್ನಿಗೇ ಹೋಯಿತು. 2009ರಲ್ಲಿ ನಿಂಟೆಂಡೊ ಮೋಷನ್‌ಪ್ಲಸ್ ಅಂತ ಗೈರೋ ಇರುವ ತುಂಡು ಕೊಟ್ಟು ಕೈಯ ತಿರುವನ್ನು ಚೆನ್ನಾಗಿ ಅಳೆಯುವ ಹಾಗೆ ಮಾಡಿತು. ಅದನ್ನೇ ನಂಬಿ 2011ರಲ್ಲಿ ಜೆಲ್ಡಾ ಸ್ಕೈವರ್ಡ್ ಸೋರ್ಡ್ ಬಂತು. ಕತ್ತಿಯನ್ನು ನೀವು ಯಾವ ಕೋನದಲ್ಲಿ ಬೀಸುತ್ತೀರೋ ಆಟದಲ್ಲೂ ಅದೇ ಕೋನ. ಬಹಳ ಬುದ್ಧಿಯಿಂದ ಮಾಡಿದ ಆಟ, ನನಗೆ ಇಷ್ಟ. ಆದರೆ 2021ರಲ್ಲಿ ಅದನ್ನು ಸ್ವಿಚ್‌ಗೆ ತಂದಾಗ ಕೈ ಬೀಸದೆ, ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ ತಳ್ಳಿಯೇ ಕತ್ತಿ ಬೀಸುವ ಆಯ್ಕೆಯನ್ನೂ ಸೇರಿಸಿದರು. ಮೋಷನ್‌ನಲ್ಲಿ ಅಷ್ಟು ದೂರ ಹೋದ ಕಂಪನಿಯೇ ಹತ್ತು ವರ್ಷದ ನಂತರ ಹೀಗೆ ಮಾಡಬೇಕಾಯಿತು.

ಇನ್ನು ಕಿನೆಕ್ಟ್. ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ಬಿಟ್ಟ ಈ ಕ್ಯಾಮೆರಾಕ್ಕೆ ಕೈಯಲ್ಲಿ ಏನೂ ಹಿಡಿಯಬೇಕಾಗಿರಲಿಲ್ಲ. ನೀವೇ ಕಂಟ್ರೋಲರ್ ಅಂತ ಜಾಹೀರಾತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಆಯಿತು. ಅದು ಕೋಣೆಯ ತುಂಬ ಇನ್‌ಫ್ರಾರೆಡ್ ಚುಕ್ಕಿಗಳನ್ನು ಚೆಲ್ಲಿ, ಅವು ಎಷ್ಟು ಸರಿದಿವೆ ಅಂತ ನೋಡಿ ನಿಮ್ಮ ದೇಹದ ಯಾವ ಭಾಗ ಎಷ್ಟು ದೂರದಲ್ಲಿದೆ ಅಂತ ಅಳೆಯುತ್ತಿತ್ತು. ತಂತ್ರಜ್ಞಾನ ಅಂದರೆ ಅದು. ಆ ತಂತ್ರ ಕೊಟ್ಟ ಪ್ರೈಮ್‌ಸೆನ್ಸ್ ಕಂಪನಿಯನ್ನು 2013ರಲ್ಲಿ ಆಪಲ್ ಕೊಂಡಿತು. 2017ರಿಂದ ಐಫೋನ್‌ನಲ್ಲಿ ಮುಖ ನೋಡಿ ಲಾಕ್ ತೆಗೆಯುವುದೂ ಇಂಥದೇ ಚುಕ್ಕಿಗಳಿಂದ.

ಆಟಕ್ಕೆ ಮಾತ್ರ ಅದು ಸರಿ ಹೊಂದಲಿಲ್ಲ. ಒಬ್ಬರು ಆಡಲು ಕ್ಯಾಮೆರಾದಿಂದ ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕು. ಮಂಗಳೂರಿನ ಒಂದು ಸಾಧಾರಣ ಫ್ಲ್ಯಾಟಿನ ಹಾಲ್‌ನಲ್ಲಿ ಟೀಪಾಯಿ ಎತ್ತಿ ಆಚೆ ಇಟ್ಟರೂ ಬೆನ್ನು ಸೋಫಾಕ್ಕೆ ತಾಗುತ್ತದೆ. ನೀವು ಕೈ ಎತ್ತಿದ್ದಕ್ಕೂ ಪರದೆಯಲ್ಲಿ ಕೈ ಎದ್ದದ್ದಕ್ಕೂ ನಡುವೆ ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಡಾನ್ಸ್‌ಗೆ ಪರವಾಗಿಲ್ಲ, ಮುಂದಿನ ಹೆಜ್ಜೆ ಮೊದಲೇ ಗೊತ್ತಿರುತ್ತದೆ. ಗುಂಡು ಹಾರಿಸುವ ಆಟಕ್ಕೆ ಅದು ಸಾಕಾಗುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು: ಕೈಯಲ್ಲಿ ಏನೂ ಇಲ್ಲದಿದ್ದರೆ ಆಟದಲ್ಲಿ ಮುಂದೆ ನಡೆಯುವುದು ಹೇಗೆ ಮಾರಾಯ್ರೆ? ಹಾಲ್‌ನಲ್ಲಿ ನಾಲ್ಕು ಹೆಜ್ಜೆ ನಡೆದರೆ ಗೋಡೆ. ವೀಗೆ ಕನಿಷ್ಠ ಎಡಗೈಗೆ ಒಂದು ಸ್ಟಿಕ್ ಇತ್ತು. ಕಿನೆಕ್ಟ್‌ಗೆ ಅದೂ ಇಲ್ಲ. ಹಾಗಾಗಿ ಕುಣಿಯುವ, ಒದೆಯುವ, ನಿಂತಲ್ಲೇ ಆಡುವ ಆಟಗಳು ಬಿಟ್ಟರೆ ಬೇರೆ ಹೆಚ್ಚೇನೂ ಮಾಡಲಾಗಲಿಲ್ಲ.

ಆದರೂ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟ್ ಕೊಳ್ಳಲೇಬೇಕು ಅಂತ ಮಾಡಿದರು. ಬೆಲೆ 499 ಡಾಲರ್. ಅದೇ ತಿಂಗಳು ಪ್ಲೇಸ್ಟೇಷನ್ 4 ಬಂದದ್ದು 399 ಡಾಲರ್‌ಗೆ. ಮುಂದಿನ ಜೂನ್‌ನಲ್ಲಿ ಕಿನೆಕ್ಟ್ ಇಲ್ಲದ ಪೆಟ್ಟಿಗೆ ಮಾರಬೇಕಾಯಿತು. 2017ರ ಅಕ್ಟೋಬರ್‌ನಲ್ಲಿ ತಯಾರಿಕೆಯೇ ನಿಂತಿತು. ಬೇಕಾದವರಿಗೆ ಇರಲಿ ಅಂತ ಬಿಟ್ಟಿದ್ದರೆ ಇನ್ನಷ್ಟು ವರ್ಷ ಬಾಳುತ್ತಿತ್ತೇನೋ.

ಹಾಗಾದರೆ ಗೆದ್ದದ್ದು ಯಾವುದು? ಗೈರೋ. ಇದು ಕೈ ಎಷ್ಟು ವೇಗವಾಗಿ ತಿರುಗಿತು ಅಂತ ಅಳೆಯುತ್ತದೆ. ಗುರಿ ಹಿಡಿಯುವ ಕೆಲಸ ನೋಡಿ. ಸ್ಟಿಕ್‌ನಲ್ಲಿ ನೀವು ಹೇಳುವುದು 'ಬಲಕ್ಕೆ ಇಷ್ಟು ವೇಗದಲ್ಲಿ ತಿರುಗು' ಅಂತ. ಸರಿಯಾದ ಕ್ಷಣಕ್ಕೆ ಬಿಡದಿದ್ದರೆ ಗುರಿ ದಾಟಿ ಹೋಗುತ್ತದೆ. ಗೈರೋದಲ್ಲಿ ಹಾಗಲ್ಲ, ಕೈ ಎಷ್ಟು ತಿರುಗಿತೋ ಗುರಿ ಅಷ್ಟೇ ಸರಿಯುತ್ತದೆ. ದೊಡ್ಡ ತಿರುವು ಸ್ಟಿಕ್‌ನಿಂದ, ಕೊನೆಯ ಕೂದಲೆಳೆಯಷ್ಟು ಸರಿಪಡಿಸುವುದು ಮಣಿಕಟ್ಟಿನಿಂದ. ಬೆರಳು ಬಟನ್ ಬಿಡಬೇಕಾಗಿಲ್ಲ, ಸೋಫಾದಿಂದ ಏಳಬೇಕಾಗಿಲ್ಲ. 2015ರ ಸ್ಪ್ಲಾಟೂನ್ ಎಂಬ ಗೇಮ್ ಇದನ್ನು ಚೆನ್ನಾಗಿ ಬಳಸಿತು. ಈಗ ಸ್ವಿಚ್, ಪ್ಲೇಸ್ಟೇಷನ್, ಸ್ಟೀಮ್ ಡೆಕ್ ಎಲ್ಲದರಲ್ಲೂ ಉಂಟು. ನಿಮ್ಮ ಮಗನ ಫೋನಿನಲ್ಲಿ ಇರುವುದೂ ಇದೇ.

ಒಂದು ಕಡೆ ಮಾತ್ರ ಇಡೀ ಕೈ ಬೀಸುವುದೇ ಆಟವಾಗಿ ಉಳಿದಿದೆ, ಅದು ಕಣ್ಣಿಗೇ ಪರದೆ ಕಟ್ಟಿಕೊಂಡು ಆಡುವ ವಿಆರ್. ಅಲ್ಲಿ ಕ್ಯಾಮೆರಾ ಮತ್ತು ಚಿಪ್ ಎರಡೂ ಸೇರಿ ಕೆಲಸ ಮಾಡುತ್ತವೆ. ಚಿಪ್ ಕ್ಷಣಕ್ಷಣದ ಚಲನೆ ಹೇಳುತ್ತದೆ, ಕ್ಯಾಮೆರಾ ಆಗಾಗ ಅದರ ತಪ್ಪು ತಿದ್ದಿ ಕೈ ನಿಜವಾಗಿ ಎಲ್ಲಿದೆ ಅಂತ ಹೇಳುತ್ತದೆ. ಸೋನಿಯ ಮೂವ್ ಎಂಬ ದೀಪದುಂಡೆಯ ಕಂಟ್ರೋಲರ್ 2010ರಲ್ಲಿ ಬಂದಾಗ ಯಾರೂ ಅಷ್ಟು ಕೇಳಲಿಲ್ಲ. 2016ರಲ್ಲಿ ಸೋನಿಯದೇ ವಿಆರ್ ಬಂದಾಗ ಅದೇ ಹಳೆಯ ಮೂವ್‌ಗೆ ಮತ್ತೆ ಕೆಲಸ ಸಿಕ್ಕಿತು. ಅರ್ಥ ಇಷ್ಟೇ: ಪರದೆ ಅಲ್ಲಿ, ಕೈ ಇಲ್ಲಿ ಇದ್ದಾಗ ಕೈ ಬೀಸುವುದು ಅಷ್ಟಕ್ಕಷ್ಟೇ. ಕೈ ಇದ್ದ ಜಾಗದಲ್ಲೇ ಕತ್ತಿ ಕಂಡಾಗ ಬೀಸಬೇಕು ಅನಿಸುತ್ತದೆ. ಆದರೆ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಗೆ ಎಸಿ ಇಲ್ಲದ ಕೋಣೆಯಲ್ಲಿ ಮುಖಕ್ಕೆ ಅದನ್ನು ಕಟ್ಟಿಕೊಂಡು ಹತ್ತು ನಿಮಿಷ ಆಡಿ ನೋಡಿ. ಬೆವರಿಗೆ ಗ್ಲಾಸು ಮಂಜಾಗುತ್ತದೆ. ಪರದೆಯಲ್ಲಿ ಕತ್ತಿ ತಾಗಿದರೂ ಕೈಗೆ ಏನೂ ತಾಗುವುದಿಲ್ಲ, ಗಾಳಿ ಅಷ್ಟೇ. ಆ ಕೊರತೆಯೂ ಇನ್ನೂ ಹಾಗೇ ಉಂಟು. ಹಾಗಾಗಿ ಮುಂದೆ ಬಟನ್ ಹೋಗುತ್ತದಾ ಅಂದರೆ, ಟಿವಿ ಮುಂದೆ ಕೂತು ಆಡುವ ತನಕ ಹೋಗುವುದಿಲ್ಲ ಅಂತಲೇ ನನ್ನ ಅನಿಸಿಕೆ. 2025ರಲ್ಲಿ ಬಂದ ಸ್ವಿಚ್ 2ರಲ್ಲೂ ಬಟನ್, ಸ್ಟಿಕ್ ಎಲ್ಲ ಇದ್ದಲ್ಲೇ ಇವೆ. ಕಂಟ್ರೋಲರನ್ನು ಮೇಜಿನ ಮೇಲೆ ಮೌಸ್ ಹಾಗೆ ಸರಿಸುವುದೊಂದನ್ನು ಸೇರಿಸಿದ್ದಾರೆ.

ಈಗ ನಿಮ್ಮ ಮನೆಯ ವಿಷಯ. ವ್ಯಾಯಾಮ ಬೇಕು ಅಂದಿರಿ. ಹಾಗಾದರೆ ಸ್ವಿಚ್ ತರಿಸಿ, ಜೊತೆಗೆ ರಿಂಗ್ ಫಿಟ್ ಅಡ್ವೆಂಚರ್. 2019ರಲ್ಲಿ ಬಂದದ್ದು, ಒಂದೂವರೆ ಕೋಟಿ ಮಾರಾಟವಾಗಿದೆ. ಅದರಲ್ಲಿ ಗಟ್ಟಿ ಬಳೆಯಂಥ ದೊಡ್ಡ ರಿಂಗ್ ಉಂಟು. ಒತ್ತಿದರೆ ನಿಜವಾಗಿಯೂ ಎದುರು ಒತ್ತುತ್ತದೆ. ನೀವು ಎಷ್ಟು ಒತ್ತಿದಿರಿ ಅಂತ ಅಳೆಯುತ್ತದೆ. ಇನ್ನೊಂದು ಕಂಟ್ರೋಲರ್ ತೊಡೆಗೆ ಕಟ್ಟಿಕೊಳ್ಳಬೇಕು, ಹಾಗಾಗಿ ಕೂತು ಮೋಸ ಮಾಡುವುದು ಸುಲಭ ಅಲ್ಲ. ಸಂಜೆ ಮೈದಾನಕ್ಕೆ ಹೋಗಿ ಆಡುವುದಕ್ಕೆ ಇದು ಸಮ ಅಂತ ನಾನು ಹೇಳುವುದಿಲ್ಲ. ಆಟಿಯ ಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳಿಗೆ ಮಾತ್ರ ಒಳ್ಳೆಯದು. ಸ್ವಿಚ್‌ನ ಗೇಮ್‌ಗಳಿಗೆ ದೇಶದ ಕಟ್ಟು ಇಲ್ಲ, ದುಬೈಯಲ್ಲಿ ಕೊಂಡದ್ದು ಇಲ್ಲಿ ಓಡುತ್ತದೆ. ಆದರೆ ಇಲ್ಲಿ ವಾರಂಟಿ ಸಿಗುತ್ತದೆ ಅಂತ ನಂಬಬೇಡಿ.

ಅಗ್ಗಕ್ಕೆ ಸಿಗುತ್ತದೆ ಅಂತ ಹಳೆಯ ವೀ ತರುವುದಾದರೆ ಮೂರು ವಿಷಯ ನೋಡಲಿ. ಒಂದು, ವೀ ಗೇಮ್‌ಗಳಿಗೆ ದೇಶದ ಕಟ್ಟು ಉಂಟು. ಕನ್ಸೋಲ್ ಯಾವ ಪ್ರದೇಶದ್ದೋ ಡಿಸ್ಕ್ ಸಹ ಅಲ್ಲಿನದೇ ಆಗಬೇಕು. ಎರಡು, ಅದರಲ್ಲಿ ಎಚ್‌ಡಿಎಮ್‌ಐ ಇಲ್ಲ, ಹೊಸ ಟಿವಿಗೆ ಅಡಾಪ್ಟರ್ ಬೇಕಾಗಬಹುದು. ಮೂರು, ರಿಮೋಟಿನ ಸೆಲ್ ಹಾಕುವ ಜಾಗ ತೆಗೆದು ನೋಡಲಿ. ಎರಡು ಪೆನ್ಸಿಲ್ ಸೆಲ್ ಹಾಕಿ ವರ್ಷಗಟ್ಟಲೆ ಮರೆತು ಬಿಟ್ಟಿರುತ್ತಾರೆ. ಸೆಲ್ ಸೋರಿ, ಮೇಲಿಂದ ನಮ್ಮ ಉಪ್ಪುಗಾಳಿಯೂ ಸೇರಿ, ಸ್ಪ್ರಿಂಗ್ ಹಸಿರು ಹಿಡಿದಿರುತ್ತದೆ. ಸ್ವಲ್ಪವೇ ಆದರೆ ಹತ್ತಿಯಲ್ಲಿ ವಿನೆಗರ್ ತಾಗಿಸಿ ಒರೆಸಿ, ಆಮೇಲೆ ಒಣಗಿಸಿದರೆ ಸರಿಯಾಗುತ್ತದೆ. ಬೋರ್ಡಿಗೆ ಇಳಿದಿದ್ದರೆ ಬಿಟ್ಟುಬಿಡಿ.

ಸ್ವಿಚ್‌ನಲ್ಲಿ ಕೈ ಆಡಿಸದೆಯೇ ಗುರಿ ತನ್ನಷ್ಟಕ್ಕೆ ಜಾರುತ್ತಿದ್ದರೆ ಹೆದರಬೇಡಿ. ಗೈರೋ ಬಿಸಿಲು ಚಳಿಗೆ ಸ್ವಲ್ಪ ಏರುಪೇರಾಗುತ್ತದೆ. ಕಂಟ್ರೋಲರನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಶನ್ ಮಾಡಿದರೆ ಸರಿಯಾಗುತ್ತದೆ. ಅದಕ್ಕೂ ಸರಿಯಾಗದಿದ್ದರೆ ಹೆಚ್ಚಾಗಿ ತಪ್ಪು ಸ್ಟಿಕ್‌ನದ್ದು. ಅದರಲ್ಲಿ ಉಜ್ಜುವ ಭಾಗಗಳಿವೆ, ಸವೆಯುತ್ತವೆ. ಮೋಷನ್ ಚಿಪ್ ಕೆಟ್ಟು ನನ್ನ ಬೆಂಚಿಗೆ ಬರುವುದು ಅಪರೂಪ.

ಮತ್ತೆ ಮಣಿಕಟ್ಟಿನ ಪಟ್ಟಿ ಕಟ್ಟದೆ ಆಡಲು ಬಿಡಬೇಡಿ. ವೀ ಬಂದ ಮೊದಲ ತಿಂಗಳಲ್ಲೇ ರಿಮೋಟ್ ಕೈಜಾರಿ ಟಿವಿಗೆ ಬಡಿದು, ನಿಂಟೆಂಡೊ ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಿಸಿ ಕೊಡಲು ಮುಂದಾಗಬೇಕಾಯಿತು. ಅದು ಅಮೆರಿಕದ ಚಳಿಗಾಲ. ನಮ್ಮಲ್ಲಿ ಕೈ ಬೆವರುವುದು ಅದಕ್ಕಿಂತ ಜಾಸ್ತಿ.